ದೀನದಯಾಳನ್ ಕಟ್ಟಿದ ಪಟ್ಟಿ

ತಮಿಳುನಾಡಿನ ಪೀಳಮೇಡಿನ ಕಾಲೇಜೊಂದರಲ್ಲಿ ನಾನು ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನನ್ನ ವಿಷಯದ ಹೆಸರು ಹೇಳಿದರೆ ನೆಂಟರು ಆಕಳಿಸುತ್ತಾರೆ: ಮಾಹಿತಿ ವ್ಯವಸ್ಥೆ ಮತ್ತು ಆರ್ಕಿಟೆಕ್ಚರ್. ಒಂದು ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಯಾವ ಮಾಹಿತಿ ಎಲ್ಲಿ ಕೂರಬೇಕು, ಯಾವುದಕ್ಕೆ ಯಾವುದು ಸೇರಬೇಕು ಎಂದು ಮೊದಲೇ ಯೋಚಿಸಿ ನಕ್ಷೆ ಹಾಕುವ ಕೆಲಸ. ಮೂರು ಮಾತಿನಲ್ಲಿ ಹೇಳಿ ಮುಗಿಸಬಹುದಾದದ್ದನ್ನು ನಾವು ಒಂದು ಸೆಮಿಸ್ಟರ್ ಪೂರ್ತಿ ಎಳೆಯುತ್ತೇವೆ.

ನೋಡಿ, ಬೇರೆಯವರ ಬಗ್ಗೆ ಬರೆಯಲು ಕೂತವಳು ನನ್ನ ಪುರಾಣ ಶುರು ಮಾಡಿದೆ. ಮೇಷ್ಟರ ಚಾಳಿ. ನಾನು ಹೇಳಬೇಕಿರುವುದು ದೀನದಯಾಳನ್ ಬಗ್ಗೆ, ನಮ್ಮ ಪರೀಕ್ಷಾ ವಿಭಾಗದ ಹಿರಿಯ ಗುಮಾಸ್ತರ ಬಗ್ಗೆ.

ನಾನು ತಿಪಟೂರಿನವಳು. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ದಿನ ವರಾಂಡದಲ್ಲಿ ನಿಂತು ಫೋನಿನಲ್ಲಿ ತಂಗಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ತಮಿಳುನಾಡಿನಲ್ಲಿ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯ. ಪಕ್ಕದ ಕಿಟಕಿಯಿಂದ ಒಂದು ತಲೆ ಹೊರಗೆ ಬಂತು. "ಮೇಡಂ, ಸೊಲ್ಪ ಮೆಲ್ಲ ಬಯ್ರಿ. ನಂಗೂ ಅರ್ತ ಆಯ್ತದೆ." ಅದೇ ದೀನದಯಾಳನ್. ಸಿರುಮುಗೈಯ ನೇಕಾರರ ಮನೆಯವರು. ಹಿರಿಯರು ಕನ್ನಡನಾಡಿನಿಂದ ಯಾವ ಕಾಲದಲ್ಲಿ ಈ ಕಡೆ ಬಂದರೋ ಅವರಿಗೇ ಗೊತ್ತಿಲ್ಲ. ಮನೆಯಲ್ಲಿ ಆಡುವುದು ಮಾತ್ರ ಇವತ್ತಿಗೂ ಕನ್ನಡ. ಊರಿಂದ ತಂದ ಕನ್ನಡ ಪತ್ರಿಕೆಯನ್ನು ಒಮ್ಮೆ ಕೊಟ್ಟೆ. ಮರ್ಯಾದೆಯಿಂದ ತಿರುವಿಹಾಕಿ, ಚಿತ್ರ ನೋಡಿ, ವಾಪಸು ಕೊಟ್ಟರು. "ಮಾತು ನಮ್ದು ಮೇಡಂ. ಓದಾಕೆ ಬರೆಯಾಕೆ ತಮಿಳ್ ಎಳುತ್ತು, ಇಂಗ್ಲೀಷ್ ಎಳುತ್ತು ಮಾತ್ರ ತೆರಿಯೋದು" ಎಂದರು; ಕನ್ನಡದ ಅಕ್ಷರ ಅವರಿಗೆ ಗೊತ್ತಿರಲಿಲ್ಲ.

ಅವರ ತಂದೆ ದೊರೈಸಾಮಿ ಮಗ್ಗಗಳಿಗೆ ಎಳೆ ಕಟ್ಟುತ್ತಿದ್ದವರು. ಒಂದು ಹಾಸು, ಅಂದರೆ ಸೀರೆಯ ಉದ್ದದ ಎಳೆಗಳ ಕಂತೆ, ನೇಯ್ದು ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲಿ ಹಾಗೇ ಬಿಟ್ಟಿರುತ್ತಾರಂತೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ತುದಿಗೆ, ಬೆರಳಿಗೆ ಬೂದಿ ಸವರಿಕೊಂಡು, ತಿರುಚಿ ಸೇರಿಸಬೇಕು. ನಾಲ್ಕು ಸಾವಿರ ಚಿಲ್ಲರೆ ಎಳೆ. ಈ ಕಡೆಯದೂ ಆ ಕಡೆಯದೂ ಒಂದೂ ಒಂಟಿಯಾಗಿ ಉಳಿಯುವಂತಿಲ್ಲ. ಉಳಿದರೆ ಸೀರೆಯುದ್ದಕ್ಕೂ ಗೀರು. ದೀನದಯಾಳನ್ ಇಪ್ಪತ್ತೇಳು ತುಂಬುವವರೆಗೆ ಇದೇ ಕೆಲಸ ಮಾಡಿದರು; ಜೊತೆಗೆ ಅಂಚೆ ಮೂಲಕ ಬಿ.ಕಾಂ. ಮುಗಿಸಿ, ಕಾಲೇಜಿಗೆ ಗುಮಾಸ್ತರಾಗಿ ಸೇರಿದರು. ಮೂವತ್ತು ವರ್ಷ ದಿನವೂ ಮೂರು ಬಸ್ಸು ಬದಲಿಸಿ ಬಂದರು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಹಾಲ್ ಟಿಕೆಟೂ ಅದಲುಬದಲಾಗಿದ್ದಿಲ್ಲ. ಪರೀಕ್ಷೆಯ ಬೆಳಿಗ್ಗೆ ಅವರ ಮುಖ ನೋಡಿದರೆ ಹುಡುಗರಿಗಿಂತ ಅವರೇ ಹೆಚ್ಚು ಹೆದರಿದ ಹಾಗೆ ಕಾಣುತ್ತಿತ್ತು. ನಾವೆಲ್ಲ ಅದಕ್ಕೆ ಅವರನ್ನು ಗೇಲಿ ಮಾಡುತ್ತಿದ್ದೆವು.

ಕಳೆದ ವರ್ಷ ಜೂನಿನಲ್ಲಿ ನಮ್ಮ ಎಂಸಿಎ ಪಠ್ಯಕ್ರಮ ಬದಲಾಯಿತು. ಹಳೆಯ ಕ್ರಮದಲ್ಲಿ ಫೇಲಾಗಿ ಬಾಕಿ ಉಳಿಸಿಕೊಂಡವರು ಹೊಸ ಕ್ರಮದಲ್ಲಿ ಯಾವ ಪೇಪರ್ ಬರೆಯಬೇಕು? ಅದಕ್ಕೊಂದು ಪಟ್ಟಿ ಬೇಕು: ಎಡಕ್ಕೆ ಹಳೆಯ ವಿಷಯ, ಬಲಕ್ಕೆ ಅದಕ್ಕೆ ಸಮನಾದ ಹೊಸ ವಿಷಯ. ಮಾಡಬೇಕಾದವಳು ಕೋರ್ಸಿನ ಸಂಯೋಜಕಿಯಾದ ನಾನು. ನನಗೆ ಪುರುಸೊತ್ತಿರಲಿಲ್ಲ, ಅಥವಾ ಇಲ್ಲವೆಂದುಕೊಂಡೆ. "ನೀವೇ ಒಂದು ಹಾಕಿಕೊಡಿ, ಸಹಿ ಮಾಡ್ತೀನಿ" ಎಂದೆ. ಎರಡು ದಿನದಲ್ಲಿ ಹಾಕಿಕೊಟ್ಟರು. ಕ್ಯಾಂಟೀನಿನಲ್ಲಿ ಒಂದು ಕೈಯಲ್ಲಿ ವಡೆ ಹಿಡಿದುಕೊಂಡು ಇನ್ನೊಂದರಲ್ಲಿ ನಾಲ್ಕು ಪುಟಕ್ಕೂ ಸಹಿ ಹಾಕಿದೆ. ಒಂದು ಸಾಲೂ ಓದಲಿಲ್ಲ.

ಈ ವರ್ಷ ಮೇ ತಿಂಗಳ ಒಂದು ಬುಧವಾರ ಮಧ್ಯಾಹ್ನ ದೀನದಯಾಳನ್ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು. ಅವರು ಯಾವತ್ತೂ ಬಾಗಿಲು ಹಾಕಿದವರಲ್ಲ. ಕೈಯಲ್ಲಿ ಇಲಕ್ಕಿಯಾ ಎಂಬ ವಿದ್ಯಾರ್ಥಿನಿಯ ಅಂಕಪಟ್ಟಿಯಿತ್ತು. ತಿರುಪ್ಪೂರಿನ ಹುಡುಗಿ, ಹಳೆಯ ಕ್ರಮದವಳು, ಒಂದೇ ಒಂದು ವಿಷಯ ಬಾಕಿಯಿದ್ದದ್ದನ್ನು ಏಪ್ರಿಲಿನಲ್ಲಿ ಬರೆದು ಪಾಸಾಗಿದ್ದಳು. ನಮ್ಮ ಕಾಲೇಜಿನ ಹತ್ತಿರದ್ದೇ ಒಂದು ಐಟಿ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಕೋರ್ಸ್ ಮುಗಿಸಿದ ಪ್ರಮಾಣಪತ್ರ ಹಿಡಿದು ಹಾಜರಾಗಬೇಕು.

"ಪತ್ರ ಟೈಪ್ ಮಾಡ್ತಿದ್ದೆ ಮೇಡಂ. ಪಾಸಾದ ಸಬ್ಜೆಕ್ಟೆಲ್ಲ ಹಾಕ್ತಾ ಬಂದೆ. ಆರ್ಕಿಟೆಕ್ಚರ್ ಅಂತ ಎಲ್ಲೂ ಇಲ್ಲ" ಎಂದರು.

ಆಮೇಲೆ ಪಟ್ಟಿ ಬಿಡಿಸಿ ತೋರಿಸಿದರು. ಹಳೆಯ ಕ್ರಮದಲ್ಲಿ ಎರಡು ವಿಷಯಗಳಿದ್ದವು: ಮಾಹಿತಿ ವ್ಯವಸ್ಥೆ ಒಂದು, ಸಿಸ್ಟಮ್ ಆರ್ಕಿಟೆಕ್ಚರ್ ಇನ್ನೊಂದು. ಹೊಸ ಕ್ರಮದಲ್ಲಿ ಎರಡನ್ನೂ ಬೆಸೆದು ಒಂದೇ ಮಾಡಿದ್ದೆವು. ಜೊತೆಗೆ ಹಳೆಯದರಲ್ಲಿ ಇಲ್ಲದ ಮಾಹಿತಿ ಭದ್ರತೆ ಎಂಬ ಹೊಸ ಪೇಪರ್ ಸೇರಿಸಿದ್ದೆವು. ಹಾಗಾಗಿ ಎಡಕ್ಕೂ ನಲವತ್ನಾಲ್ಕು, ಬಲಕ್ಕೂ ನಲವತ್ನಾಲ್ಕು. ಹಳೆಯ ಎರಡೂ ಹೊಸ ಒಂದಕ್ಕೇ ಸೇರಬೇಕಿತ್ತು, ಭದ್ರತೆಯ ಪೇಪರನ್ನು ಸುಮ್ಮನೆ ಬಿಡಬೇಕಿತ್ತು. ದೀನದಯಾಳನ್ ಒಂದಕ್ಕೊಂದು ಸೇರಿಸುತ್ತ ಬಂದವರು ಕೊನೆಗೆ ಉಳಿದ ಆರ್ಕಿಟೆಕ್ಚರನ್ನು ಕೊನೆಗೆ ಉಳಿದ ಭದ್ರತೆಗೆ ಕಟ್ಟಿಬಿಟ್ಟಿದ್ದರು.

"ಈ ಕಡೆ ಒಂದು ಒಂಟಿ, ಆ ಕಡೆ ಒಂದು ಒಂಟಿ. ಕೈ ಸುಮ್ನೆ ಇರಲಿಲ್ಲ ಮೇಡಂ. ಸೇರಿಸ್ಬುಟ್ಟೆ."

ಇಲಕ್ಕಿಯಾ ಫೇಲಾಗಿದ್ದು ಆರ್ಕಿಟೆಕ್ಚರಿನಲ್ಲಿ. ನಮ್ಮ ಪಟ್ಟಿ ನಂಬಿ ಅವಳು ಬರೆದು ಪಾಸಾಗಿದ್ದು ಭದ್ರತೆಯ ಪೇಪರು. ಲೆಕ್ಕದ ಪ್ರಕಾರ ಅವಳಿಗೆ ಡಿಗ್ರಿಯೇ ಇಲ್ಲ. ಬೇರೆ ಯಾರಿಗೂ ಆ ವಿಷಯ ಬಾಕಿಯಿರಲಿಲ್ಲ; ಬಲೆಗೆ ಬಿದ್ದವಳು ಇವಳೊಬ್ಬಳೇ.

ಎರಡು ಕೋಷ್ಟಕ ಒಂದಾಗುವಾಗ ಏನೇನು ಎಚ್ಚರ ಬೇಕು ಎಂದು ವರ್ಷಕ್ಕೆ ಎರಡು ಬಾರಿ ಗಂಟಲು ಹರಿದುಕೊಳ್ಳುವವಳು ನಾನೇ. ಮುಂದಿನ ವಾರ ನನ್ನ ಬಡ್ತಿಯ ಸಂದರ್ಶನ ಬೇರೆ ಇತ್ತು. ಮೊದಲು ಬಾಯಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ: "ಯಾರಿಗೂ ಗೊತ್ತಾಗಲ್ಲ ಬಿಡಿ" ಎಂದೆ.

"ಘಟಿಕೋತ್ಸವಕ್ಕೆ ಮುಂಚೆ ಯೂನಿವರ್ಸಿಟೀಲಿ ಒಂದೊಂದು ಫೈಲೂ ನೋಡ್ತಾರೆ. ಆಗ ಡಿಗ್ರಿ ತಡೆದ್ರೆ ಆ ಅಮ್ಮಣಿಯ ಕೆಲ್ಸ-ವೇಲೆ ಎಲ್ಲ ಹೋಯ್ತದೆ ಮೇಡಂ. ಸೇರಿ ನಾಕು ತಿಂಗಳಾದ ಮೇಲೆ ಕಳ್ಳಿ ಅನ್ನೋ ಹಂಗೆ ಆಚೆ ಕಳಿಸ್ತಾರೆ."

ನಿಯಮದ ಪುಸ್ತಕ ಅವರಿಗೆ ಬಾಯಿಪಾಠ. ಕಚೇರಿಯ ತಪ್ಪಾದರೆ ವಿದ್ಯಾರ್ಥಿ ನವೆಂಬರಿನ ಪರೀಕ್ಷೆಯವರೆಗೆ ಕಾಯಬೇಕು. ಕೋರ್ಸಿನ ಸಂಯೋಜಕರೇ ತಪ್ಪು ಪೇಪರಿಗೆ ಒಪ್ಪಿಗೆ ಕೊಟ್ಟಿದ್ದೆಂದು ಬರೆದುಕೊಟ್ಟರೆ ಮಾತ್ರ ಎರಡು ದಿನದೊಳಗೆ ವಿಶೇಷ ಪರೀಕ್ಷೆ ನಡೆಸಬಹುದು. ಅವರು ಇಷ್ಟೇ ಹೇಳಿದರು. ನೀವು ಬರೆದುಕೊಡಿ ಎನ್ನಲಿಲ್ಲ. ಅಂದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

"ಮೊದ್ಲು ಆ ಹುಡ್ಗಿಗೆ ಹೇಳ್ಬೇಕು. ಫೋನಲ್ಲಿ ಬೇಡ. ನಾಳೆ ತಿರುಪ್ಪೂರಿಗೆ ಹೋಗ್ತೀನಿ" ಎಂದು ಎದ್ದರು.

ಗುರುವಾರ ಬೆಳಿಗ್ಗೆ ನಾನೂ ಅವರ ಜೊತೆ ಬಸ್ಸು ಹತ್ತಿದೆ. ಕೋಣೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ದಾರಿಯುದ್ದಕ್ಕೂ ಅವರು ಅಂಕಪಟ್ಟಿಯ ಚೀಲವನ್ನು ಎದೆಗೆ ಅವಚಿಕೊಂಡಿದ್ದರು. ಅವಿನಾಶಿ ದಾಟಿದ ಮೇಲೆ, "ಕವಲೆ ಆಯ್ತದೆ ಮೇಡಂ, ಎಲ್ಲಿಂದ ಸುರು ಮಾಡ್ಲಿ?" ಎಂದು ಚಿಂತೆಯಿಂದ ಕೇಳಿದರು.

ಇಲಕ್ಕಿಯಾಳ ಮನೆ ಎರಡೇ ಕೋಣೆಯದು. ಮುಂದಿನ ಕೋಣೆಯಲ್ಲಿ ಅವಳ ತಾಯಿ ಸಾಂತಿ ಬನಿಯನ್ ಅಂಚು ಹೊಲಿಯುವ ಮಿಷನ್ ಮುಂದೆ ಕೂತಿದ್ದರು. ಪಕ್ಕದಲ್ಲಿ ಬಿಳಿ ಬನಿಯನ್‌ಗಳ ರಾಶಿ. ಕಾಲೇಜಿನವರು ಮನೆತನಕ ಬಂದರೆಂದು ಸಾಂತಿಗೆ ಹಿಗ್ಗೋ ಹಿಗ್ಗು. ಮಗಳು ಸೋಮವಾರಕ್ಕೆಂದು ಹೊಲಿಸಿದ ಚೂಡಿದಾರ ತಂದು ತೋರಿಸಿದರು. ದೀನದಯಾಳನ್ ಅದನ್ನು ನೋಡಿದವರು ನಿಂತಲ್ಲೇ ತಮಿಳಿನಲ್ಲಿ ಎಲ್ಲ ಹೇಳಿಬಿಟ್ಟರು. ಕೂರುವುದಕ್ಕೂ ಕಾಯಲಿಲ್ಲ.

ಮಿಷನ್ ನಿಂತಿತು. ಒಳಕೋಣೆಯಿಂದ ಬಂದು ನಿಂತಿದ್ದ ಇಲಕ್ಕಿಯಾ ಅಳಲಿಲ್ಲ. "ನೀವು ಬರಿ ಅಂದ ಪೇಪರನ್ನೇ ತಾನೇ ನಾನು ಬರೆದದ್ದು?" ಎಂದಳು.

"ಹೌದು ಅಮ್ಮಣಿ."

"ಹಾಗಾದರೆ ತಪ್ಪು ಯಾರದು ಸಾರ್?"

"ನನ್ನದು" ಎಂದರು ದೀನದಯಾಳನ್. ತಡವರಿಸಲಿಲ್ಲ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ. ಆಗ ಅವಳು ನನ್ನ ಕಡೆ ತಿರುಗಿದಳು. "ಮೇಡಂ, ಮಾಹಿತಿ ಎಲ್ಲಿಂದ ಬಂತು ಅನ್ನೋದನ್ನ ನೋಡದೆ ಯಾವುದನ್ನೂ ಒಪ್ಪಬೇಡಿ ಅಂತ ನೀವೇ ಹೇಳಿಕೊಟ್ಟಿದ್ದು. ನಾನು ನಿಮ್ಮ ಸಹಿ ನೋಡಿ ಒಪ್ಪಿದೆ." ಅವಳ ದನಿಯಲ್ಲಿ ಕುಹಕವಿರಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಲ್ಲೇ, ಸಾಂತಿಯ ಮಿಷನ್ ಮೇಲೆ ಹಾಳೆಯಿಟ್ಟು ಇಂಗ್ಲಿಷಿನಲ್ಲಿ ಪತ್ರ ಬರೆದೆ. ಪಟ್ಟಿಯನ್ನು ಓದದೆ ಒಪ್ಪಿಗೆ ಕೊಟ್ಟದ್ದು ನಾನು, ತಪ್ಪು ಪೇಪರಿಗೆ ನಾನೇ ಹೊಣೆ. ದೀನದಯಾಳನ್ ಪತ್ರವನ್ನು ಎರಡು ಸಲ ಓದಿ, ತಾರೀಖು ಬಿಟ್ಟಿದ್ದೀರಿ ಎಂದು ತೋರಿಸಿದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಓದಲು ಅವಳಿಗೆ ಸಿಕ್ಕಿದ್ದು ಒಂದೂವರೆ ದಿನ, ಅದೂ ಎರಡು ವರ್ಷದ ಹಿಂದೆ ಫೇಲಾಗಿದ್ದ ವಿಷಯ. ಪ್ರಶ್ನೆಪತ್ರಿಕೆ ಹೊರಗಿನವರದು, ಮೌಲ್ಯಮಾಪನವೂ ಹೊರಗಿನವರದೇ. ನಾನು ಹತ್ತಿರ ಸುಳಿಯುವಂತಿರಲಿಲ್ಲ. ದೊಡ್ಡ ಹಾಲಿನಲ್ಲಿ ಅವಳೊಬ್ಬಳೇ ಕೂತು ಬರೆದಳು. ಹೊರಗಿನ ಬೆಂಚಿನಲ್ಲಿ ಕೂತ ದೀನದಯಾಳನ್ ಮೂರು ಗಂಟೆಯಲ್ಲಿ ಎದ್ದದ್ದು ಒಮ್ಮೆ ಮಾತ್ರ. ಅವರಮ್ಮ ಅಂಗಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚಲೇ ಇಲ್ಲ. ಹನ್ನೆರಡಕ್ಕೆ ಅವಳು ಹೆಚ್ಚುವರಿ ಹಾಳೆ ಕೇಳಿದಳೆಂದು ತಿಳಿದಾಗ ನನ್ನ ಕೋಣೆಗೆ ಬಂದು, "ಬರೀತಾ ಅವ್ಳೆ ಮೇಡಂ" ಎಂದಷ್ಟೇ ಹೇಳಿ ಮತ್ತೆ ಬೆಂಚಿಗೆ ಹೋದರು.

ಪಾಸಾಗಲು ಐವತ್ತು ಬೇಕು. ಭಾನುವಾರ ಸಂಜೆ ಅಂಕ ಬಂತು: ಐವತ್ತೆರಡು. ನಾನು ದೀನದಯಾಳನ್‌ಗೆ ಫೋನು ಮಾಡಿ ಹೇಳಿದೆ. "ಸರೀಂಗ ಮೇಡಂ" ಎಂದರು. ಅವರು ಅಳುತ್ತಿದ್ದರು. ಸೋಮವಾರ ಒಂಬತ್ತಕ್ಕೆ ಇಲಕ್ಕಿಯಾ ಹೊಸ ಚೂಡಿದಾರದಲ್ಲಿ ಬಂದು ಪ್ರಮಾಣಪತ್ರ ತೆಗೆದುಕೊಂಡು ಹೋದಳು. ದೀನದಯಾಳನ್‌ಗೆ ವಂದನೆ ಹೇಳಿದಳು. ನನ್ನನ್ನು ಹುಡುಕಿಕೊಂಡು ಬರಲಿಲ್ಲ.

ಮಂಗಳವಾರ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಎದುರಿಗೆ ಒಂದು ಆದೇಶ ಟೈಪಾಗಿ ಕೂತಿತ್ತು. ತಪ್ಪು ಪಟ್ಟಿ ತಯಾರಿಸಿ ಸಂಯೋಜಕಿಯನ್ನು ದಾರಿ ತಪ್ಪಿಸಿದ ಗುಮಾಸ್ತ ದೀನದಯಾಳನ್ ಅವರನ್ನು ಪರೀಕ್ಷಾ ವಿಭಾಗದಿಂದ ಉಗ್ರಾಣಕ್ಕೆ ವರ್ಗ ಮಾಡಲಾಗಿದೆ, ಸೇವಾ ಪುಸ್ತಕದಲ್ಲಿ ಇದನ್ನು ದಾಖಲಿಸಬೇಕು. ನಿವೃತ್ತಿಗೆ ಅವರಿಗೆ ಉಳಿದಿದ್ದು ಏಳು ತಿಂಗಳು.

"ನಿಮ್ಮ ಪತ್ರ ಹುಡುಗಿಯ ಪರೀಕ್ಷೆಗೆ ಬೇಕಿತ್ತು, ಆಯಿತು. ಕಾಲೇಜಿಗೆ ಮಾನ್ಯತೆಯ ತಂಡ ಬರೋದಿದೆ, ನಾಳೆ ನಿಮ್ಮ ಸಂದರ್ಶನವೂ ಇದೆ" ಎಂದರು ಪ್ರಿನ್ಸಿಪಾಲರು. "ಆದೇಶದಲ್ಲಿ ನಿಮಗೇನಾದರೂ ಆಕ್ಷೇಪ ಇದೆಯಾ?"

ಪಟ್ಟಿ ಮಾಡಬೇಕಾದವಳು ನಾನು, ಅವರ ತಲೆಗೆ ಕಟ್ಟಿದವಳು ನಾನು. ಇದನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ನಾಳೆಯ ಸಂದರ್ಶನ ಕಣ್ಣ ಮುಂದೆ ಬಂತು. "ಇಲ್ಲ ಸಾರ್" ಎಂದೆ.

ಬಡ್ತಿ ಸಿಕ್ಕಿತು. ಶುಕ್ರವಾರ ದೀನದಯಾಳನ್ ತಮ್ಮ ಮೇಜು ಖಾಲಿ ಮಾಡಿ, ಉಗ್ರಾಣಕ್ಕೆ ಹೋಗುವ ಮುನ್ನ ನನ್ನ ಕೋಣೆಗೆ ಬಂದರು. ಬಡ್ತಿಗೆ ಅಭಿನಂದನೆ ಹೇಳಿದರು. ಬಾಗಿಲ ಹತ್ತಿರ ಹೋದವರು ನಿಂತರು.

"ಆರ್ಡರ್ ಹಾಕೋ ಮುಂಚೆ ನಿಮ್ಮನ್ನ ಏನಾರ ಕೇಳಿದ್ರಾ ಮೇಡಂ?"

"ಇಲ್ಲ. ಕೇಳಲಿಲ್ಲ" ಎಂದೆ.

ಅವರ ಮುಖ ಹಗುರಾಯಿತು. "ಅದಾನೆ, ನಾನೂ ಹಂಗೇ ಅಂದ್ಕೊಂಡೆ. ಕೇಳಿದ್ರೆ ನೀವು ಹೇಳಿರ್ತಿದ್ರಿ. ನಿನ್ನೆಯಿಂದ ನಮ್ಮಮ್ಮನ ಹತ್ರ ಅದೇ ಹೇಳ್ತಾ ಇವ್ನಿ" ಎಂದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.