ಆಷಾಢದಲ್ಲಿ ಅಚ್ಚಾಗುತ್ತಿದ್ದ ಕಾದಂಬರಿಗಳು

ಮೊನ್ನೆ ಪಕ್ಕದ ಮನೆಯವರು ಮಗಳ ಮದುವೆಗೆ ಕರೆಯಲು ಬಂದಿದ್ದರು. ಅವರು ಹೋದ ಮೇಲೂ ನಾನು ಲಗ್ನಪತ್ರಿಕೆಯನ್ನು ಮೂಗಿಗೆ ಹಿಡಿದುಕೊಂಡೇ ಕೂತಿದ್ದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಓದೂದು ಬಿಟ್ಟು ಮೂಸಾಕತ್ತೀರಲ್ರೀ, ಏನಾಗೇತಿ ನಿಮಗ?" ಎಂದಳು. ಏನು ಮಾಡಲಿ ಹೇಳಿ. ಆ ದಪ್ಪ ಕಾಗದಕ್ಕೆ ಹಾಕಿದ ಗಂಧದ ಸೆಂಟಿನ ವಾಸನೆ ಬಂದರೆ ನಿಮಗೆ ಮದುವೆಯೂಟ ನೆನಪಾದೀತು. ನನಗೆ ಕಾದಂಬರಿ ನೆನಪಾಗುತ್ತದೆ. ಅದೂ ಶಾರದಕ್ಕನ ಕಾದಂಬರಿ.

ಶಾರದಕ್ಕ ನಮ್ಮ ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಮಾಡಿದವರಿಗೆ, "ಟೈಮ್ ಸಿಗಲಿಲ್ಲ" ಎನ್ನುತ್ತಿದ್ದರು. ಕಾದಂಬರಿ ಬರೆಯುವುದಕ್ಕೆ ಮಾತ್ರ ಟೈಮ್ ಸಿಕ್ಕಿತ್ತು. ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ತಾವೇ ಚೀಲಕ್ಕೆ ತುಂಬಿಕೊಂಡು ಕಂಪ್ಲಿಗೋ ಮರಿಯಮ್ಮನಹಳ್ಳಿಗೋ ಬಸ್ಸು ಹತ್ತುತ್ತಿದ್ದರು. ಒಮ್ಮೆ ದೊಡ್ಡ ಊರಿನ ಪ್ರಕಾಶಕರೊಬ್ಬರಿಗೆ ಹಸ್ತಪ್ರತಿ ಕಳಿಸಿದ್ದರಂತೆ. ಆಮೇಲೆ ಏನಾಯಿತು ಅಂದೆ. "ಕೊನಿ ಬದಲಸ್ರಿ ಅಂದ್ರು. ನಾ ಪ್ರಕಾಶಕರನ್ನ ಬದಲಿಸಿದೆ" ಎಂದರು.

ಬದಲಾಗಿ ಸಿಕ್ಕವನು ವಿರುಪಾಕ್ಷಿ. ಅವನದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಮದುವೆಯ ದಿನಗಳಲ್ಲಿ ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಆಷಾಢ ಬಂತೆಂದರೆ ಮದುವೆ ಇಲ್ಲ, ಮಷೀನು ಸುಮ್ಮನೆ ನಿಂತಿರುತ್ತದೆ. ಆ ಒಂದು ತಿಂಗಳು ಶಾರದಕ್ಕನದು. ಹಾಗಾಗಿ ಅವರ ಕಾದಂಬರಿಗಳೆಲ್ಲ ಆಷಾಢದಲ್ಲೇ ಹುಟ್ಟಿದವು. ಒಳಗಿನ ಕಾಗದ ಹೊಸದು, ಹೊದಿಕೆಗೆ ಮಾತ್ರ ಮದುವೆಗಳಲ್ಲಿ ಮಿಕ್ಕ ಸೆಂಟು ಹಾಕಿದ ದಪ್ಪ ಹಾಳೆ. ಒಂದು ಸಲ ವಿಚ್ಛೇದನದ ಕುರಿತಾದ ಕಾದಂಬರಿ ಬಂಗಾರದ ಬಣ್ಣದ ಗಣಪತಿಯನ್ನು ಹೊತ್ತುಕೊಂಡು ಹೊರಬಂತು. ಕಂಪ್ಲಿಯ ಅಜ್ಜಿಯೊಬ್ಬರು ಅದನ್ನು ಯಾರದೋ ಮದುವೆಯ ಕರೆಯೋಲೆಯೆಂದು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದ್ದರು. ಶಾರದಕ್ಕ ಈ ಸುದ್ದಿಯನ್ನು ಪ್ರಶಸ್ತಿ ಬಂದಷ್ಟು ಖುಷಿಯಿಂದ ಹೇಳಿಕೊಂಡು ತಿರುಗಿದರು.

ತಮ್ಮ ಪುಸ್ತಕದ ಬಗ್ಗೆ ಇಷ್ಟು ಸಲೀಸಾಗಿದ್ದ ಹೆಂಗಸು ಇತರರ ಪುಸ್ತಕದ ವಿಷಯದಲ್ಲಿ ಗಣಿತದ ಟೀಚರೇ. ಲೆಕ್ಕ ತಪ್ಪಿದರೆ ತಪ್ಪು, ಅರ್ಧ ಮಾರ್ಕಿಲ್ಲ. ಮುನ್ನುಡಿ ಕಂಡರೆ ಆಗುತ್ತಿರಲಿಲ್ಲ. "ಮದುವಿ ಮನ್ಯಾಗ ಎಲಿ ಮುಂದ ಕುಂದ್ರಿಸಿ ಭಾಷಣ ಮಾಡಿದಂಗ. ಮೊದ್ಲು ಉಣ್ಣಾಕ ಬಿಡ್ರಪಾ!" ಹಂಪಿಯ ಮೇಲೆ ಬರೆದ ಕಾದಂಬರಿಗಳ ಬಗ್ಗೆಯಂತೂ ಕೇಳಲೇಬಾರದು. ಎಲ್ಲೆಲ್ಲಿಂದಲೋ ಬಂದವರು ಎರಡು ದಿನ ಇದ್ದು, ಕಲ್ಲುಗಳು ಮಾತಾಡಿದವು ಎಂದು ಬರೆದು ಇವರಿಗೇ ಕಳಿಸುತ್ತಿದ್ದರು. "ನಾ ಇಲ್ಲೇ ಹುಟ್ಟಿ ಬೆಳದೀನಿ. ಒಂದ್ ಕಲ್ಲೂ ನನ್ನ ಜೋಡಿ ಮಾತಾಡಿಲ್ಲ. ಬಿಸಿಲಾಗ ಕಾಲು ಸುಟ್ಟಾವ, ಅಷ್ಟ." ಪುಸ್ತಕ ಬಿಡುಗಡೆಗೆ ಇವರನ್ನು ಕರೆಯಬೇಕೋ ಬೇಡವೋ ಎಂದು ನಮ್ಮೂರ ಲೇಖಕರು ಗುಟ್ಟಾಗಿ ಸಭೆ ಸೇರುತ್ತಿದ್ದರು. ಕರೆಯದಿದ್ದರೂ ಅವರು ಬರುತ್ತಿದ್ದರು.

ನಾನೂ ಒಂದು ಕಾದಂಬರಿ ಬರೆದೆ. ನೀರಾವರಿ ಕಚೇರಿಯಲ್ಲಿ ಕೂತವನಿಗೆ ಅಂಥ ಚಪಲ ಸಹಜ. ಪುಸ್ತಕವನ್ನು ಹಣ್ಣುಕಾಯಿಯ ಸಮೇತ ಒಯ್ದು ಅಕ್ಕನ ಕೈಗಿಟ್ಟೆ. ವಾರದ ಮೇಲೆ ಹೋದಾಗ ಚಹಾ ಕೊಟ್ಟರು, ಕುಡಿಯುವವರೆಗೆ ಕಾದರು.

"ತಮ್ಮಾ, ನಿನ್ನ ಪುಸ್ತಕದಾಗ ಎಲ್ಲಾರೂ ಭಾಳ ಒಳ್ಳೇರು. ಕಳ್ಳನೂ ಒಳ್ಳೇವ, ಸಾಹುಕಾರನೂ ಒಳ್ಳೇವ. ನಾ ಯಾರ ಜೋಡಿ ಜಗಳಾಡ್ಲಿ?"

ನಾನು ಬಾಳೆಹಣ್ಣು ವಾಪಸ್ಸು ಕೇಳಲಿಲ್ಲ, ಅದೊಂದು ನನ್ನ ದೊಡ್ಡತನ. ಎರಡನೆಯ ಕಾದಂಬರಿಯನ್ನೂ ಬರೆದೆ, ಅವರಿಗೆ ತೋರಿಸಲಿಲ್ಲ. ಆದರೆ ಅವರ ಪುಸ್ತಕದ ಚೀಲ ಹೊರುವ ಕೆಲಸ ಮಾತ್ರ ನನಗೇ ಅಂಟಿಕೊಂಡಿತು. ಬೈಸಿಕೊಂಡವರ ಮೇಲೆ ಹುಟ್ಟುವ ಪ್ರೀತಿಗೆ ಔಷಧಿಯಿಲ್ಲ.

ಕೆಲವು ವರ್ಷಗಳ ಹಿಂದೆ ಅವರು ತಂಗಿ ಗಿರಿಜಾಳ ಕಥೆ ಬರೆದರು. ಗಿರಿಜಾಳನ್ನು ಕಂಪ್ಲಿಯ ಅಕ್ಕಿ ಗಿರಣಿಯ ಮನೆಗೆ ಕೊಟ್ಟಿದ್ದರು. ಅಕ್ಕನಿಗಿಂತ ಮೊದಲೇ ತಂಗಿಯ ಮದುವೆಯಾಗಿತ್ತು. ಗಂಡ ಹೊಡೆಯುತ್ತಿದ್ದ. ಒಂದು ದಿನ ಆ ಮನೆ ಬಿಟ್ಟು ಬಂದ ಗಿರಿಜಾ ಆಮೇಲೆ ಸಂಡೂರು ಸೇರಿ, ಗಣಿಯ ಲಾರಿ ಡ್ರೈವರುಗಳಿಗೆ ಊಟ ಹಾಕುವ ಖಾನಾವಳಿ ಇಟ್ಟುಕೊಂಡಳು. ನಮಗೆ ಗೊತ್ತಿದ್ದದ್ದು ಇಷ್ಟೇ. ಶಾರದಕ್ಕ ಫೋನಿನಲ್ಲಿ ತಂಗಿಗೆ ಕಥೆಯ ಎಳೆ ಹೇಳಿದಾಗ ಆಕೆ ಒಂದೇ ಮಾತು ಹೇಳಿದಳಂತೆ: "ಅದನ್ನ ಅಚ್ಚು ಹಾಕ್ಸಿದ್ರ ನನ್ನ ಹೊಸ್ತಿಲಾ ತುಳೀಬ್ಯಾಡ."

ಅಕ್ಕನಿಗೆ ಇದ್ದ ರಕ್ತಸಂಬಂಧ ಅದೊಂದೇ. ಅತ್ತ ಆಷಾಢ ಹತ್ತಿರ ಬಂದಿತ್ತು, ವಿರುಪಾಕ್ಷಿ ಕಾಗದ ತರಿಸಿಟ್ಟಿದ್ದ. "ಮಂದಿಗೆ ಅಂಜ್ತಾಳ, ಅಷ್ಟ. ಒಮ್ಮೆ ಓದಿ ಹೇಳಿದ್ರ ಕರಗ್ತಾಳ, ನಡಿ" ಎಂದು ನನ್ನನ್ನು ಸಂಡೂರಿನ ಬಸ್ಸು ಹತ್ತಿಸಿದರು.

ನಾವು ಹೋದಾಗ ಮಧ್ಯಾಹ್ನದ ಊಟದವರು ಎದ್ದು ಹೋಗಿದ್ದರು. ಹೊಸ್ತಿಲಿನವರೆಗೂ ಕೆಂಪು ಧೂಳು. ಗಿರಿಜಾ ಸಂಜೆಯ ರೊಟ್ಟಿ ಬಡಿಯಲು ಕೂತಿದ್ದಳು. ನನಗೆ "ಬರ್ರಿ ಅಣ್ಣಾರ, ಕುಂದ್ರಿ" ಎಂದಳು. ಅಕ್ಕನಿಗೆ ಏನೂ ಅನ್ನಲಿಲ್ಲ. ಶಾರದಕ್ಕ ಕನ್ನಡಕ ಏರಿಸಿ ಓದತೊಡಗಿದರು. ಅವರು ಓದುತ್ತಲೇ ಹೋದರು, ಇವಳು ಬಡಿಯುತ್ತಲೇ ಹೋದಳು. ಕಾದಂಬರಿಯ ತಂಗಿ ಕಾಲುವೆಯ ದಂಡೆಯ ಮೇಲೆ ಅತ್ತಳು, ಬಸ್ಸಿನಲ್ಲಿ ಅತ್ತಳು. ಬೆಳಗಿನ ಜಾವ ತವರಿನ ಬಾಗಿಲು ಬಡಿದಳು. ಅಕ್ಕ ಬಾಗಿಲು ತೆರೆದು ಅವಳನ್ನು ತಬ್ಬಿಕೊಂಡು, "ಇದು ನಿನ್ನದೇ ಮನೆ" ಎಂದಳು. ನನಗೆ ಕಣ್ಣು ಹನಿಗೂಡಿತು. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಇದೊಂದ್ ಸಾಲು ತಿರುಗಿ ಓದು" ಎಂದಳು ಗಿರಿಜಾ.

ಅಕ್ಕ ಓದಿದರು. ಈ ಸಲ ಧ್ವನಿ ಸ್ವಲ್ಪ ಸಣ್ಣದಾಗಿತ್ತು.

"ಇಕಿ ಯಾರ ಅಕ್ಕ?"

ಶಾರದಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

"ನಾ ಚೀಲ ಹಿಡ್ಕೊಂಡು ನಿಂತಿದ್ದೆ. ನೀ ಬಾಗ್ಲಾ ಅರ್ಧ ತಗದಿ. 'ಮಂದಿ ಏಳೂಕಿಂತ ಮೊದ್ಲು ತಿರುಗಿ ಹೋಗು' ಅಂದಿ. ಬಾಗ್ಲಾ ಹಾಕ್ಕೊಂಡಿ. ನಾ ಬಸ್ ಸ್ಟ್ಯಾಂಡಿಗೆ ಬಂದೆ. ಹೊಟ್ಟಿ ಹಸ್ತಿತ್ತು, ಮಂಡಕ್ಕಿ ವಗ್ಗರಣಿ, ಮಿರ್ಚಿ ತಿಂದೆ. ಅಷ್ಟು ರುಚಿ ನಾ ಮತ್ತ ಎಲ್ಲೂ ಕಂಡಿಲ್ಲ. ಯಾರ ಕೈಯಾಗೂ ಹೊಡಿಸ್ಕೊಳ್ದ ತಿಂದ ಮೊದಲನೇ ನಾಷ್ಟಾ ಅದು. ಕಂಪ್ಲಿ ಬಸ್ಸು ಹತ್ಲಿಲ್ಲ, ಸಂಡೂರು ಬಸ್ಸು ಹತ್ತಿದೆ. ನಿನ್ನ ಪುಸ್ತಕದಾಗ ನೋಡಿದ್ರ ಬರೇ ಅಳಾಕತ್ತೀನಿ."

"ಗಿರಿಜಾ..."

"ನನ್ನ ಕತಿ ಊರೆಲ್ಲಾ ಓದಲಿ, ನನಗ್ಯಾಕ ನಾಚಿಕಿ? ಆದ್ರ ನೀ ಹಾಕ್ಕೊಂಡ ಬಾಗ್ಲಾನ ತಗದೆ ಅಂತ ಬರ್ದು ಹಂಚ್ತಿ ಅಂದ್ರ ನಾ ಹೆಂಗ ಸುಮ್ಮನಿರ್ಲಿ? ನಾಳಿ ಅದೇ ಖರೆ ಆಗ್ತದ. ನಾ ಅವತ್ತು ಹೊರಗ ನಿಂತಿದ್ದು ಸುಳ್ಳಾಗ್ತದ."

ಆಮೇಲೆ ಅವಳು ನಮಗೆ ಊಟ ಬಡಿಸಿದಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ. ಶಾರದಕ್ಕ ತಲೆ ತಗ್ಗಿಸಿ ಉಂಡರು. ಅಷ್ಟು ವರ್ಷಗಳಲ್ಲಿ ಅವರಿಗೆ ಯಾವುದರ ಬಗ್ಗೆಯೂ ಅಭಿಪ್ರಾಯವಿಲ್ಲದ್ದನ್ನು ನಾನು ನೋಡಿದ್ದು ಅಂದೇ.

ನಿಜ ಹೇಳಬೇಕೆಂದರೆ, ಬಸ್ಸು ಹತ್ತುವಾಗ ನನಗೆ ಒಳಗೊಳಗೇ ಸಣ್ಣ ಖುಷಿಯೂ ಆಗಿತ್ತು. ನನಗೆ ಬೈದವರಿಗೆ ಬೈಯುವವರು ಸಿಕ್ಕರಲ್ಲ! ಆದರೆ ಘಾಟು ಇಳಿಯುವಾಗ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದರು. "ಅವತ್ತು ಹತ್ತಕ್ಕ ನನ್ನ ನೋಡಾಕ ಗಂಡಿನ ಕಡೆಯವರು ಬರೋರಿದ್ರು. ತಂಗಿ ಗಂಡನ್ನ ಬಿಟ್ಟು ಮನ್ಯಾಗ ಕುಂತಾಳ ಅಂತ ಗೊತ್ತಾದ್ರ..." ಘಾಟು ಮುಗಿದ ಮೇಲೆ, "ಬಂದ್ರು. ಉಪ್ಪಿಟ್ಟು ತಿಂದ್ರು. ಮತ್ತ ತಿರುಗಿ ಬರಲಿಲ್ಲ" ಎಂದರು. ನನ್ನ ಖುಷಿ ಎಲ್ಲಿ ಹೋಯಿತೋ. ಬಾಗಿಲ ಆಚೆ ನಿಂತವಳಿಗಾದರೂ ಹತ್ತಲು ಇನ್ನೊಂದು ಬಸ್ಸಿತ್ತು, ಒಳಗೆ ನಿಂತವಳಿಗೆ ಅದೂ ಇರಲಿಲ್ಲ.

ಹೊಸಪೇಟೆಯಲ್ಲಿ ಇಳಿದವರೇ ನೇರ ಪ್ರೆಸ್ಸಿಗೆ ಹೋಗಿ, ಅಚ್ಚು ಬೇಡ ಎಂದರು. "ಶ್ರಾವಣ ಬಂತಂದ್ರ ಮಷೀನು ಖಾಲಿ ಇರಂಗಿಲ್ರೀ ಅಕ್ಕಾರ" ಎಂದು ವಿರುಪಾಕ್ಷಿ ಗೋಗರೆದ. "ಮುಂದಿನ ಆಷಾಢ ಬರಂಗಿಲ್ಲೇನು?" ಎಂದರು. ವರ್ಷವಿಡೀ ಕೂತು ತಿದ್ದಿದರು. ಬಾಗಿಲು ಅರ್ಧ ತೆರೆದದ್ದು ಬಂತು, ಮುಚ್ಚಿದ್ದು ಬಂತು, ಉಪ್ಪಿಟ್ಟು ತಿಂದು ಹೋದವರೂ ಬಂದರು. ತಿದ್ದಿದ್ದನ್ನು ಒಯ್ದು ಮತ್ತೆ ತಂಗಿಯ ಮುಂದೆ ಓದಿದರು. ಈ ಸಲ ರೊಟ್ಟಿಯ ಸದ್ದು ಕೊನೆಯವರೆಗೂ ನಿಲ್ಲಲಿಲ್ಲವಂತೆ. ಮುಗಿದ ಮೇಲೆ ಗಿರಿಜಾ ಕೇಳಿದ್ದು ಒಂದನ್ನೇ: "ಇದರಾಗ ನನ್ನ ಹೆಸರು ಕಮಲಾ ಅಂತ ಯಾಕ ಐತಿ? ನನ್ನ ಹೆಸರೇ ಇಡು."

ಹಾಗೇ ಇಟ್ಟರು. ತಮ್ಮ ಹೆಸರನ್ನೂ.

ನಿವೃತ್ತಿಯ ನಂತರ ಶಾರದಕ್ಕ ಸಂಡೂರಿನಲ್ಲೇ ಇದ್ದಾರೆ. ಬೆಳಿಗ್ಗೆ ಬರವಣಿಗೆ, ಮಧ್ಯಾಹ್ನ ಖಾನಾವಳಿಯಲ್ಲಿ ಬಡಿಸುವುದು. ಲಗ್ನಪತ್ರಿಕೆ ಮೂಸಿ ಹೆಂಡತಿಯಿಂದ ಬೈಸಿಕೊಂಡವನು ಸುಮ್ಮನಿರಲಾರದೆ ಫೋನು ಮಾಡಿದೆ. ಎತ್ತಿದವಳು ಗಿರಿಜಾ.

"ಅಕ್ಕ ಬರ್ಯಾಕ ಕುಂತಾಳ್ರಿ, ಈಗ ಕೊಡಂಗಿಲ್ಲ. ಒಂದ್ ಸುದ್ದಿ ಹೇಳ್ತೀನಿ ಕೇಳ್ರಿ. ನಿನ್ನೆ ಕಂಪ್ಲಿಯಿಂದ ಒಬ್ಬಾಕಿ ಹೆಣ್ಮಗಳು ನಮ್ಮ ಪುಸ್ತಕಾ ಓದಿ ಹುಡುಕ್ಕೋಂತ ಬಂದಿದ್ಲು. ಗಂಡನ ಮನಿ ಬಿಟ್ಟು ಬಂದಾಳಂತ. ಊಟಕ್ಕ ಕುಂತಾಕಿ, 'ಆ ಅಕ್ಕ ಈಗ ಎಲ್ಲದಾಳ್ರಿ? ಸಿಕ್ರ ಕಪಾಳಕ್ಕ ಬಿಗೀಬೇಕು' ಅಂದ್ಲು. ಅಕ್ಕ ಎದುರಿಗೇ ನಿಂತು ಆಕಿಗೆ ಅನ್ನ ಬಡಸಾಕತ್ತಿದ್ಲು."

"ಅಯ್ಯೋ! ಆಮ್ಯಾಲೆ?"

"ಅಕ್ಕ ಬಾಗಿ ತನ್ನ ಕಪಾಳ ಮುಂದ ಹಿಡದು, 'ಬಿಗಿಯವ್ವ, ನಾನೇ ಆಕಿ' ಅಂದ್ಲು. ಆ ಹುಡುಗಿ ಗಾಬರಿಯಾಗಿ ಅತ್ಲು. ಅಕ್ಕನೂ ಅತ್ಲು. ನಾ ನಕ್ಕು ನಕ್ಕು ಸಾಕಾತು. ಈಗ ಆಕಿ ಇಲ್ಲೇ ಅದಾಳ್ರಿ. ಮಲಗಾಕ ಅಕ್ಕ ತನ್ನ ಮಂಚಾನೇ ಕೊಟ್ಟಾಳ."

ಫೋನಿಟ್ಟು ತಲೆಯೆತ್ತಿ ನೋಡಿದೆ. ನನ್ನ ಎರಡೂ ಕಾದಂಬರಿಗಳು ಕಪಾಟಿನಲ್ಲಿ ಅಚ್ಚುಕಟ್ಟಾಗಿ ನಿಂತಿದ್ದವು. ಅವನ್ನು ಓದಿದವರೆಲ್ಲ ಚೆನ್ನಾಗಿದೆ ಎಂದಿದ್ದಾರೆ. ಯಾರ ಕಪಾಳಕ್ಕೂ ಬಿಗಿಯಬೇಕೆಂದು ಇದುವರೆಗೆ ಒಬ್ಬರೂ ಮನೆ ಹುಡುಕಿಕೊಂಡು ಬಂದಿಲ್ಲ.