ಪಕ್ಕದ ಸಾಲು

ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇರಬೇಕಾದದ್ದು ನಮ್ಮ ಊರು ಮಟ್ಟುವಿನಲ್ಲಿ. ಇದ್ದದ್ದು ಮಣಿಪಾಲದಲ್ಲಿ. ಅಮ್ಮ ಇದನ್ನು ನನ್ನ ಉದಾಸೀನ ಎಂದುಕೊಂಡಿದ್ದಾಳೆ. ಉದಾಸೀನ ಅಲ್ಲ, ಇದು ಬಹಳ ಯೋಚನೆ ಮಾಡಿ ಮಾಡಿದ ಪೆದ್ದುತನ ಎಂದು ಅವಳಿಗೆ ಹೇಳುವುದು ಹೇಗೆ?

ಆಗ ನಾನು ಮಣಿಪಾಲದ ಹಾಸ್ಟೆಲಿನಲ್ಲಿದ್ದೆ. ಹದಿನೆಂಟು ತುಂಬಿದವರ ಹೆಸರು ಸೇರಿಸಲು ಕಾಲೇಜು ಕ್ಯಾಂಟೀನಿನ ಎದುರು ಒಂದು ಮೇಜು ಹಾಕಿದ್ದರು. ಮೊದಲ ದಿನ ಬಂದವರು ನಾಲ್ಕು ಜನ. ಅದರಲ್ಲಿ ಇಬ್ಬರು ಊಟದ ಟೋಕನ್ ಕೊಡುವ ಮೇಜು ಎಂದುಕೊಂಡು ಬಂದವರು. ಆಗ ನಮ್ಮ ಲೆಕ್ಚರರಿಗೆ ನನ್ನ ನೆನಪಾಯಿತು. ಕಂಡವರ ಸ್ವರ ತೆಗೆದು ಅವರ ಹಾಗೆಯೇ ಮಾತಾಡುವುದು ನನ್ನ ಹುಟ್ಟುರೋಗ. ಅವರ ಸ್ವರದಲ್ಲೇ "ಇವತ್ತಿಗೆ ಸಾಕು" ಎಂದು ನಾನು ಹಿಂದಿನ ಬೆಂಚಿನಿಂದ ಹೇಳಿ, ಅರ್ಧ ತರಗತಿ ಎದ್ದು ಹೋದದ್ದೂ ಉಂಟು. ಶಿಕ್ಷೆಯೋ ಗೌರವವೋ, ಮರುದಿನ ನನ್ನನ್ನು ಮೇಜಿನ ಪಕ್ಕ ನಿಲ್ಲಿಸಿದರು.

ನಾನು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಆದೆ. "ಕಾಪು, ಪಡುಬಿದ್ರಿ, ಕಾರ್ಕಳ! ಹದಿನೆಂಟು ಆದವರೆಲ್ಲ ಹತ್ತಿ! ಹಿಂದೆ ಖಾಲಿ ಉಂಟು, ಹಿಂದೆ ಹೋಗಿ! ರೈಟ್, ಪೋಯಿ!" ಜನ ಸೇರಿತು. ನಗಲಿಕ್ಕೆ ಬಂದವರೂ ಅರ್ಜಿ ತುಂಬಿಸಿ ಹೋದರು.

ಅರ್ಜಿ ತುಂಬಿಸುತ್ತಿದ್ದವಳು ಬೇರೆ ಸೆಕ್ಷನ್ನಿನ ಹುಡುಗಿ. ಊರು ಕಾರ್ಕಳ. ಇಡೀ ಕ್ಯಾಂಟೀನ್ ನಕ್ಕರೂ ಅವಳು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಸುಮ್ಮನಿರುತ್ತಿದ್ದಳು. ಬಂದವರಿಗೆಲ್ಲ ಒಂದೇ ಮಾತು: "ವಿಳಾಸ ಇನ್ನೊಮ್ಮೆ ಸರಿಯಾಗಿ ನೋಡಿ. ಆಮೇಲೆ ಬಂದು ಅಳಬೇಡಿ."

"ಎಲ್ಲರ ಸ್ವರವೂ ಮಾಡ್ತೀಯಲ್ಲ, ನನ್ನದು ಮಾಡು ನೋಡುವ" ಎಂದಳು ಒಂದು ದಿನ.

"ನಿನ್ನದರಲ್ಲಿ ಎಂತ ಉಂಟು ಮಾರಾಯ್ತಿ, ಮಾಡ್ಲಿಕ್ಕೆ?"

ಸುಳ್ಳು. ಹಾಸ್ಟೆಲಿನ ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟು ಎಷ್ಟೋ ಸಲ ಮಾಡಿ ನೋಡಿದ್ದೆ. ಮಾತು ಬರುತ್ತಿತ್ತು. "ಅಳಬೇಡಿ" ಎನ್ನುವಲ್ಲಿ ಅವಳು ನುಂಗುವ ನಗು ಮಾತ್ರ ಬರುತ್ತಿರಲಿಲ್ಲ.

ಕೊನೆಯ ದಿನ ಲೆಕ್ಚರರು ಅವಳನ್ನು, "ನಿಮ್ಮದೇ ಅರ್ಜಿ ಎಲ್ಲಿ?" ಎಂದು ಕೇಳಿದರು. "ಇಲ್ಲಿಗೇ ಕೊಡ್ತೇನೆ ಸರ್, ದೊಡ್ಡಮ್ಮನ ಮನೆಯ ವಿಳಾಸಕ್ಕೆ" ಎಂದಳು. ಅವಳು ಇದ್ದದ್ದು ದೊಡ್ಡಮ್ಮನ ಮನೆಯಲ್ಲಿ, ನಮ್ಮ ಹಾಸ್ಟೆಲಿನ ಹಿಂದಿನ ರಸ್ತೆ. ಅಂದರೆ ಒಂದೇ ಮತಗಟ್ಟೆ. ನನ್ನ ಚೀಲದಲ್ಲಿ ಮಟ್ಟುವಿನ ವಿಳಾಸ ಬರೆದ ಅರ್ಜಿ ಸಿದ್ಧವಾಗಿತ್ತು. ಹರಿದು ಹಾಕಿದೆ. ಹಾಸ್ಟೆಲಿನ ವಿಳಾಸ ಬರೆದು ಕಾಲೇಜಿನ ಸರ್ಟಿಫಿಕೇಟ್ ಲಗತ್ತಿಸಿದೆ.

ಮತಗಟ್ಟೆಯಲ್ಲಿ ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು. ಎರಡೂ ಅಕ್ಕಪಕ್ಕ ನಿಧಾನಕ್ಕೆ ಸರಿಯುತ್ತವೆ. ನನಗೆ ಬೇಕಾದದ್ದು ಅಷ್ಟೇ: ಅವಳ ಪಕ್ಕದ ಸಾಲಿನಲ್ಲಿ ಒಂದು ಗಂಟೆ. ಮುಚ್ಚಳ ಇಲ್ಲದ ಅವಳ ನಗು ಒಮ್ಮೆ ನೋಡುವುದು.

ಮತದಾನದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿ ಏಳು ಗಂಟೆಗೇ ಹೋಗಿ ನಿಂತೆ. ಪಕ್ಕದ ಸಾಲಿನಲ್ಲಿ ಅವಳ ದೊಡ್ಡಮ್ಮ ಬಂದರು, ಓಟು ಹಾಕಿದರು, ಹೋದರು. ನಾನು ಹಿಂದಿನವರಿಗೆಲ್ಲ "ನೀವು ಹೋಗಿ, ನೀವು ಹೋಗಿ" ಎಂದು ದಾರಿ ಬಿಡುತ್ತಿದ್ದೆ. ಪೊಲೀಸಿನವರು ನೋಡಿ ನೋಡಿ ಹತ್ತಿರ ಬಂದರು. "ಎಂತ ಮಾರಾಯ, ಓಟು ಹಾಕ್ಲಿಕ್ಕೆ ಬಂದದ್ದಾ, ಸಾಲು ಕಾಯ್ಲಿಕ್ಕೆ ಬಂದದ್ದಾ?" ನಾನು ಒಳಗೆ ಹೋದೆ.

ಮೊಬೈಲ್ ಕೋಣೆಯಲ್ಲೇ ಬಿಟ್ಟಿದ್ದೆ. ಹಿಂದೆ ಬಂದು ನೋಡಿದರೆ ಅವಳ ಬೆರಳಿನ ಫೋಟೋ, ಶಾಯಿ ಸಮೇತ. "ಅಪ್ಪ ಎಲ್ಲರೂ ಒಟ್ಟಿಗೆ ಹಾಕುವ ಅಂದರು, ಕಾರ್ಕಳಕ್ಕೇ ಕೊಟ್ಟೆ. ನಿಂದು ಮಟ್ಟುವಿನಲ್ಲಿ ಆಯ್ತಾ?"

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುವ ಹಾಗಿಲ್ಲ. ನನಗೆ ಹೇಳಲು ನಾನು ಅವಳಿಗೆ ಯಾರು? "ಆಯ್ತು" ಎಂದು ಬರೆದು ನನ್ನ ಬೆರಳನ್ನೂ ಕಳಿಸಿದೆ. ಬೆರಳಿನಲ್ಲಿ ಊರು ಕಾಣುವುದಿಲ್ಲವಲ್ಲ. ಅದೇ ಸಂಜೆ ಅಮ್ಮ ಫೋನಿನಲ್ಲಿ, "ಓಟಿಗೆ ಶಾಲೆಗೆ ಎಲ್ಲರ ಮಕ್ಕಳೂ ಬಂದಿದ್ದರು" ಎಂದಳು. ಅಷ್ಟೇ ಅಂದದ್ದು.

ಶಾಯಿ ಉಗುರಿನೊಟ್ಟಿಗೆ ಮೆಲ್ಲ ಮೇಲೇರಿತು. ಕೊನೆಯ ಕಪ್ಪು ಚೂರನ್ನು ಕತ್ತರಿಸುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಅವಳು ಮುಂದೆ ಓದಲು ಧಾರವಾಡಕ್ಕೆ ಹೋದಳು. ನಾನು ಮನೆಗೆ ಬಂದು ಸಂತೆಕಟ್ಟೆಯ ಒಂದು ಅಂಗಡಿಗೆ ಕೆಲಸಕ್ಕೆ ಸೇರಿದೆ. ಹಾಸ್ಟೆಲಿನ ಆ ಮಂಚದಲ್ಲಿ ಈಗ ಇನ್ಯಾರೋ ಮಲಗುತ್ತಾರೆ. ಆದರೂ ಹೆಸರು ಬದಲಿಸಲು ಮನಸ್ಸಾಗಲಿಲ್ಲ. ಅದು ಅಲ್ಲಿರುವ ತನಕ ಪಕ್ಕದ ಸಾಲಿಗೆ ಅವಳು ಇನ್ನೂ ಬರಬಹುದು ಎಂದು ತೋರುತ್ತಿತ್ತು.

ಮೊನ್ನೆ ಭಾನುವಾರ ಅಮ್ಮ ಹಟ ಹಿಡಿದಳು. "ಈ ಸಲದ ಓಟಿಗಾದರೂ ನನ್ನೊಟ್ಟಿಗೆ ಬರ್ತೀಯಾ, ಇಲ್ವಾ?" ಜಗಲಿಯಲ್ಲಿ ಕೂತು ಮೊಬೈಲಿನಲ್ಲೇ ಸ್ಥಳ ಬದಲಾವಣೆಯ ಅರ್ಜಿ ತುಂಬಿಸಿದೆ. ಹಳೆಯ ವಿಳಾಸ, ಹೊಸ ವಿಳಾಸ. ಕೊನೆಯ ಬಟನ್ ಒತ್ತುವ ಮೊದಲು ಬಾಯಿ ತಾನಾಗಿ ತೆರೆಯಿತು.

"ವಿಳಾಸ ಇನ್ನೊಮ್ಮೆ ಸರಿಯಾಗಿ ನೋಡಿ. ಆಮೇಲೆ ಬಂದು ಅಳಬೇಡಿ."

ಬಂತು. ನುಂಗಿದ ನಗುವಿನ ಸಮೇತ ಬಂತು.

ಒಳಗೆ ಗುಳ್ಳ ಬದನೆ ಹೆಚ್ಚುತ್ತಿದ್ದ ಅಮ್ಮನ ಕತ್ತಿ ನಿಂತಿತು. "ಯಾರದು ಹುಡುಗಿ? ಹೊರಗೆ ಯಾಕೆ ನಿಲ್ಲಿಸಿದ್ದೀ, ಒಳಗೆ ಕರಿ."

"ಯಾರೂ ಇಲ್ಲಮ್ಮ. ನಾನೇ."

ಅಮ್ಮ ನಂಬಲಿಲ್ಲ. ಕೈ ಒರೆಸಿಕೊಂಡು ಬಂದು ಅಂಗಳದ ಆಚೆ ರಸ್ತೆಯ ತನಕ ನೋಡಿದಳು. ನಾನೂ ನೋಡಿದೆ. ಆಮೇಲೆ ಬಟನ್ ಒತ್ತಿದೆ.