ಶ್ರಾವಣಕ್ಕೆ ಕಾದ ಗಾಳಿಚಕ್ರ

ಶ್ರಾವಣದ ಎರಡನೆಯ ಶನಿವಾರ ಬೆಳಿಗ್ಗೆ ಏಳಕ್ಕೆ ಮಗಳು ಭವಾನಿಯೊಂದಿಗೆ ಕೋಲಾರದ ಬಸ್ ನಿಲ್ದಾಣದಲ್ಲಿದ್ದೆ. ಡಿಪ್ಲೊಮಾ ಓದುವ ಅವಳೂ ಅವಳ ಮೂವರು ಗೆಳತಿಯರೂ ಪ್ಲಾಸ್ಟಿಕ್ ಪೈಪು ಸೀಳಿ, ಹಳೆಯ ಮೋಟರು ಜೋಡಿಸಿ, ವರ್ಷವಿಡೀ ಕೂತು ಒಂದು ಗಾಳಿಚಕ್ರ ಮಾಡಿದ್ದರು. ಗೌನಿಪಲ್ಲಿ ಕಡೆಯ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಅದನ್ನು ನಿಲ್ಲಿಸಬೇಕಿತ್ತು. ಅಲ್ಲಿ ಸಂಜೆ ಹಾಲು ಅಳೆಯುವ ಹೊತ್ತಿಗೇ ಕರೆಂಟು ಹೋಗುತ್ತದೆ. ತಿರುಗದಿದ್ದರೆ ಅದೇ ದಿನ ಕಿತ್ತುಕೊಂಡು ಹೋಗಬೇಕೆಂದು ಡೇರಿಯ ಅಧ್ಯಕ್ಷ ರೆಡ್ಡಪ್ಪನವರು ಮೊದಲೇ ಹೇಳಿದ್ದರು.

ಹೆಂಗಸರಾದ್ದರಿಂದ ನಮಗೆ ಟಿಕೆಟ್ ದುಡ್ಡಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿದ ಮೂರು ರೆಕ್ಕೆಗಳಿಗೆ ಕಂಡಕ್ಟರು ಲಗೇಜ್ ಚೀಟಿ ಹರಿದ.

"ಏನಮ್ಮಾ, ಹೆಣ ಸುತ್ತಿದಂಗೆ ಸುತ್ತಿದೀರ?"

ಒಳ್ಳೆಯ ಕೆಲಸಕ್ಕೆ ಹೊರಟವರೆದುರು ಆಡುವ ಮಾತೇ ಅದು? ಸೀಟು ಸಿಕ್ಕಿದ್ದೇ ಪುಣ್ಯವೆಂದು ಚೀಟಿ ತೆಗೆದುಕೊಂಡು ಕೂತೆ.

ಶ್ರೀನಿವಾಸಪುರದಲ್ಲಿ ಮುಂದಿನ ಬಸ್ಸಿಗೆ ಒಂದೂವರೆ ಗಂಟೆ ಕಾದೆವು. ನನಗೆ ಒಪ್ಪೊತ್ತು, ಕಾಫಿ ಮಾತ್ರ ಕುಡಿದೆ. ಅದಾದರೂ ಬಿಸಿಯಾಗಿತ್ತು. ಭವಾನಿ ಇಡ್ಲಿ ಮುಂದಿಟ್ಟುಕೊಂಡು ಎದುರಿನ ಬ್ಯಾನರನ್ನೇ ನೋಡುತ್ತಿದ್ದಳು. ಅದು ಒಂದಿಷ್ಟೂ ಅಲುಗುತ್ತಿರಲಿಲ್ಲ.

"ಆಷಾಢದಲ್ಲೇ ಹಾಕ್ತೀವಿ ಅಂದೆ. ನೀನು ಕೇಳಿದ್ಯಾ?"

"ಆಷಾಢದಲ್ಲಿ ಯಾರಾದ್ರೂ ಹೊಸ ಕೆಲಸ ಶುರು ಮಾಡ್ತಾರೇನೇ?"

"ಗಾಳಿ ಬರೋದೇ ಆವಾಗ ಕಣಮ್ಮಾ."

ರೆಡ್ಡಪ್ಪನವರಿಗೆ ಫೋನು ಮಾಡಿ ಶ್ರಾವಣಕ್ಕೆ ಮುಂದೂಡಿಸಿದವಳು ನಾನೇ. "ಮಂಚಿದಮ್ಮಾ, ನಾನೂ ಅದೇ ಅನ್ಕೊಂಡಿದ್ದೆ" ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಅವರೂ ಒಪ್ಪಿದ್ದರು.

ಕಂಬ, ಮೋಟರು ತೆಗೆದುಕೊಂಡು ಹಳ್ಳಿಗೆ ಹಿಂದಿನ ದಿನವೇ ಬಂದಿದ್ದ ಗೆಳತಿಯರು ಗುಂಡಿ ತೋಡಿಟ್ಟಿದ್ದರು. ರೆಕ್ಕೆ ಬಿಗಿದು, ಹಗ್ಗ ಎಳೆದು ಕಂಬ ಎಬ್ಬಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತು. ಕಂಬಕ್ಕೆ ಕುಂಕುಮವಿಟ್ಟು ಕಾಯಿ ಒಡೆದೆ. ಚಕ್ರ ತಿರುಗಲಿಲ್ಲ. ಮಾವಿನ ತೋಪಿನಲ್ಲಿ ಒಂದೆಲೆಯೂ ಅಲುಗಲಿಲ್ಲ. ಬೆವರು ಒರೆಸಿ ಒರೆಸಿ ನನ್ನ ಸೆರಗು ಒದ್ದೆಯಾಯಿತು. ಹುಡುಗಿಯರು ತಂತಿ ಬಿಚ್ಚಿದರು, ಮತ್ತೆ ಕಟ್ಟಿದರು. ತಂತಿಯಲ್ಲೇನಿತ್ತು?

ಸಂಜೆ ಹೆಂಗಸರು ಕ್ಯಾನು ಹಿಡಿದು ಸಾಲು ನಿಂತರು. ಕರೆಂಟು ಹೇಳಿದ ಹಾಗೆ ಹೋಯಿತು.

"ಏನಕ್ಕಾ, ಶ್ರಾವಣ ಶನಿವಾರ ಅಂತ ನಿಮ್ ಚಕ್ರಾನೂ ಒಪ್ಪೊತ್ತಾ?" ಎಂದಳು ಮುಂದೆ ನಿಂತವಳು. ಸಾಲಿಗೆ ಸಾಲೇ ನಕ್ಕಿತು.

ರೆಡ್ಡಪ್ಪನವರು ಮೊಬೈಲಿನ ಬೆಳಕಲ್ಲಿ ಹಾಲಿನ ಲೆಕ್ಕ ಬರೆಯುತ್ತ, "ಇಂಕೇಂದಮ್ಮಾ, ಇಳಿಸಿಬಿಡಿ. ಟೆಂಪೋಗೆ ಹೇಳ್ಲಾ?" ಎಂದರು.

ಭವಾನಿ ತುಟಿ ಕಚ್ಚಿಕೊಂಡು ಹಗ್ಗದ ಗಂಟಿಗೆ ಕೈಹಾಕಿದಳು. ನನಗೆ ತಡೆಯಲಾಗಲಿಲ್ಲ.

"ರೆಡ್ಡಪ್ಪನವರೇ, ಮಗು ಸರಿಯಾಗೇ ಹೇಳಿತ್ತು. ಕೆಡಿಸಿದ್ದು ನಾನು, ನೀವು. ಬರೋ ಆಷಾಢದ ತನಕ ಇದು ಇಲ್ಲೇ ಇರ್ಲಿ."

"ಆಷಾಢದಲ್ಲಿ ಹೊಸದು ಹೆಂಗಮ್ಮಾ ಶುರು ಮಾಡೋದು?"

"ಅಷ್ಟೊತ್ತಿಗೆ ಹಳೇದಾಗಿರುತ್ತಲ್ಲ."

ಅವರು ಪೆನ್ನು ನಿಲ್ಲಿಸಿ ಕಂಬದ ಕಡೆ ನೋಡಿದರು. ಆಮೇಲೆ, "ಸರೇಲೆಮ್ಮಾ, ದೋಷ ಇಲ್ಲ. ಬಿಡಮ್ಮಾ ಹಗ್ಗ" ಎಂದು ಭವಾನಿಗೆ ಹೇಳಿದರು.

ಕೊನೆಯ ಬಸ್ಸು ಸಿಕ್ಕಿತು, ಅದೂ ದೇವರ ದಯೆ. ಕಿಟಕಿಯಿಂದ ತಿರುಗಿ ನೋಡಿದೆ. ಮಾವಿನ ಮರಗಳ ಮೇಲೆ ಮೂರು ರೆಕ್ಕೆಗಳು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿದ್ದವು. ನಾನು ಕೈಮುಗಿದು, ಜೀವಮಾನದಲ್ಲಿ ಮೊದಲ ಸಲ, ಆಷಾಢ ಬೇಗ ಬರಲಪ್ಪಾ ಎಂದು ಬೇಡಿಕೊಂಡೆ.